ಮನೆ ಬಾಗಿಲಿನಿಂದ ಮೆಟ್ರೊ ಬಾಗಿಲಿನವರೆಗೆ: ನಡಿಗೆ, ಸೈಕಲ್, ಬಸ್ಸುಗಳನ್ನು ಕೂಡಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಡಾವಣೆ ಸಭೆಗಳಲ್ಲಿ, ಪತ್ರಗಳಲ್ಲಿ, ಬಸ್ ಸ್ಟಾಪಿನ ಮಾತುಕತೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೆಚ್ಚಿನವು ಬೆಂಗಳೂರಿನವು, ಕೆಲವು ಮೈಸೂರು, ಹುಬ್ಬಳ್ಳಿ–ಧಾರವಾಡದಿಂದ ಬಂದವು. ಯಾವುದನ್ನು ಬೇಕಾದರೂ ಮೊದಲು ಓದಬಹುದು.

## ಮೊದಲ ಪ್ರಶ್ನೆಗಳು

ಮೆಟ್ರೊ ಬಂತು, ಬಸ್ಸಂತೂ ಇದ್ದೇ ಇದೆ. ಮತ್ತೆ ಈ ಫುಟ್‌ಪಾತು, ಸೈಕಲ್ಲು ಅಂತ ಯಾಕೆ ತಲೆ ಕೆಡಿಸ್ಕೋಬೇಕು?

ಯಾರೂ ಸ್ಟೇಷನ್‌ನಲ್ಲಿ ವಾಸ ಮಾಡುವುದಿಲ್ಲ. ಪ್ರಯಾಣ ಶುರುವಾಗುವುದು ಮನೆಯ ಹೊಸ್ತಿಲಲ್ಲಿ, ಮುಗಿಯುವುದು ಕಚೇರಿ, ಕಾಲೇಜು, ಆಸ್ಪತ್ರೆಯ ಬಾಗಿಲಲ್ಲಿ. ಬೆಂಗಳೂರಿನ ಬಿಎಂಟಿಸಿ ಬಸ್ಸುಗಳಲ್ಲಿ ದಿನಕ್ಕೆ ಸುಮಾರು 40 ಲಕ್ಷ ಜನ ಓಡಾಡುತ್ತಾರೆ. ಅವರಲ್ಲಿ ಬಹುತೇಕ ಎಲ್ಲರೂ ಸ್ಟಾಪಿಗೆ ನಡೆದೇ ಬರುತ್ತಾರೆ, ಇಳಿದ ಮೇಲೆ ನಡೆದೇ ಹೋಗುತ್ತಾರೆ. ಅಂದರೆ ಈ ಊರಿನ ಅತಿ ದೊಡ್ಡ ಸಾರಿಗೆ ವ್ಯವಸ್ಥೆ ನಿಂತಿರುವುದೇ ಫುಟ್‌ಪಾತ್ ಮೇಲೆ. ರೈಲು ಇಪ್ಪತ್ತು ನಿಮಿಷದಲ್ಲಿ ಕರೆದೊಯ್ದರೂ ಸ್ಟೇಷನ್ ತಲುಪಲು ಇಪ್ಪತ್ತೈದು ನಿಮಿಷ ಹಿಡಿದರೆ ಜನ ಸ್ಕೂಟರ್ ಕೀಲಿ ಹುಡುಕುತ್ತಾರೆ. ಅದು ಅವರ ಸೋಮಾರಿತನವಲ್ಲ, ಸರಿಯಾದ ಲೆಕ್ಕಾಚಾರ.

ಎಷ್ಟು ದೂರ ನಡೀಬಹುದು, ಎಷ್ಟು ದೂರಕ್ಕೆ ಸೈಕಲ್ ಸರಿ?

ಬಸ್ ಸ್ಟಾಪಿಗೆ 400–500 ಮೀಟರ್, ಮೆಟ್ರೊಗೆ 800 ಮೀಟರ್‌ನಿಂದ ಒಂದು ಕಿಲೋಮೀಟರ್ ನಡೆಯಲು ಹೆಚ್ಚಿನವರು ಒಪ್ಪುತ್ತಾರೆ ಎಂಬುದು ಸಾರಿಗೆ ಯೋಜಕರು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಸೈಕಲ್ಲಿನಲ್ಲಿ ಆರಾಮಾಗಿ ತುಳಿದರೂ ಗಂಟೆಗೆ 12 ಕಿಲೋಮೀಟರ್, ಅಂದರೆ ಕಾಲು ಗಂಟೆಗೆ ಮೂರು ಕಿಲೋಮೀಟರ್.

ಈ ವ್ಯತ್ಯಾಸವನ್ನು ನಕ್ಷೆಯ ಮೇಲೆ ನೋಡಬೇಕು. ಸ್ಟೇಷನ್ ಸುತ್ತ 800 ಮೀಟರ್‌ನ ಒಂದು ವೃತ್ತ, ಮೂರು ಕಿಲೋಮೀಟರ್‌ನ ಇನ್ನೊಂದು ವೃತ್ತ ಎಳೆಯಿರಿ. ಎರಡನೆಯದರ ವಿಸ್ತೀರ್ಣ ಮೊದಲನೆಯದರ ಹದಿನಾಲ್ಕು ಪಟ್ಟು. ಸೈಕಲ್ ದಾರಿ ಸರಿಯಾದರೆ ಅದೇ ಸ್ಟೇಷನ್, ಅದೇ ಹಳಿ, ಅದೇ ರೈಲು ಅಷ್ಟು ದೊಡ್ಡ ಪ್ರದೇಶದ ಜನರ ಕೈಗೆ ಸಿಗುತ್ತದೆ. ಹೊಸ ಮಾರ್ಗ ಕಟ್ಟುವ ಖರ್ಚಿನ ಮುಂದೆ ಇದರ ಖರ್ಚು ಏನೇನೂ ಅಲ್ಲ.

ನಮ್ಮನೆಯಿಂದ ಸ್ಟೇಷನ್ ಬರೀ 700 ಮೀಟರ್. ಆದ್ರೂ ಆಟೊ ಹತ್ತೋ ಹಾಗಾಗತ್ತೆ. ಯಾಕೆ ಹೀಗೆ?

ಏಕೆಂದರೆ 700 ಮೀಟರ್ ಇರುವುದು ನಕ್ಷೆಯಲ್ಲಿ. ಕಾಲಿಗೆ ಸಿಗುವ ದೂರವೇ ಬೇರೆ.

ನಾಳೆ ಬೆಳಿಗ್ಗೆ ಹೊರಡುವಾಗ ಎಷ್ಟು ಸಲ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯಬೇಕಾಯಿತು ಎಂದು ಎಣಿಸಿ ನೋಡಿ. ಒಂದು ಮನೆಯವರು ಕಾರು ಹತ್ತಿಸಲು ಫುಟ್‌ಪಾತ್ ಕಡಿದು ಇಳಿಜಾರು ಮಾಡಿರುತ್ತಾರೆ, ಪಕ್ಕದವರು ಅದನ್ನೇ ಒಂದಡಿ ಎತ್ತರಿಸಿರುತ್ತಾರೆ. ಮುಂದೆ ಟ್ರಾನ್ಸ್‌ಫಾರ್ಮರ್, ಅದರ ಬೇಲಿ. ಆಮೇಲೆ ಮೋರಿಯ ಚಪ್ಪಡಿ ಒಂದು ಮೂಲೆಯಲ್ಲಿ ಕುಸಿದು, ಅಲ್ಲಿ ಯಾರೋ ಎಚ್ಚರಿಕೆಗೆಂದು ಮರದ ಕೊಂಬೆ ಸಿಕ್ಕಿಸಿರುತ್ತಾರೆ. ಮನೆ ಕಟ್ಟುವವರ ಜಲ್ಲಿ ರಾಶಿ. ಅರ್ಧ ಮೇಲೆ ಅರ್ಧ ಕೆಳಗೆ ನಿಲ್ಲಿಸಿದ ಕಾರು. ಪ್ರತಿ ಸಲ ಇಳಿದಾಗಲೂ ಬೆನ್ನ ಹಿಂದಿನಿಂದ ಬರುವ ವಾಹನಕ್ಕೆ ಮೈಯೊಡ್ಡಬೇಕು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಮಗು ಇರುವವರು ಇದನ್ನು ದಿನಕ್ಕೆರಡು ಸಲ ಮಾಡಲಿ ಎಂದು ಕೇಳುವುದೇ ತಪ್ಪು.

ಇನ್ನೊಂದು ಕಾರಣ ಹೆಚ್ಚು ಜನರ ಗಮನಕ್ಕೆ ಬರುವುದಿಲ್ಲ. ಗೇಟು ಹಾಕಿಕೊಂಡ ಬಡಾವಣೆ, ಉದ್ದನೆಯ ಕಾಂಪೌಂಡ್, ರಾಜಕಾಲುವೆ, ರೈಲು ಹಳಿ ಇವು ನೇರ ದಾರಿಯನ್ನು ಕತ್ತರಿಸುತ್ತವೆ. ಸ್ಟೇಷನ್ ಕಣ್ಣಿಗೆ ಕಾಣುತ್ತಿದ್ದರೂ ಒಂದೂವರೆ ಕಿಲೋಮೀಟರ್ ಸುತ್ತಬೇಕು. ಇಂಥ ಕಡೆ ಕಾಂಪೌಂಡಿಗೊಂದು ಸಣ್ಣ ಗೇಟು, ಕಾಲುವೆಗೊಂದು ಕಾಲುಸೇತುವೆ ಮಾಡುವ ಉಪಕಾರವನ್ನು ಸ್ಟೇಷನ್‌ಗೆ ಜನರನ್ನು ತಂದು ಬಿಡುವ ಹತ್ತು ಫೀಡರ್ ಬಸ್ಸುಗಳೂ ಮಾಡಲಾರವು. ಕೋರಮಂಗಲ ಕಣಿವೆಯ ರಾಜಕಾಲುವೆ ಬದಿಯಲ್ಲಿ ಕಾಲುವೆ ಪುನಶ್ಚೇತನದ ಕೆ-100 ಯೋಜನೆಯವರು ನಡಿಗೆ ದಾರಿ ಮಾಡಿದ್ದು ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ.

ಫುಟ್‌ಪಾತ್ ಇಷ್ಟೇ ಅಗಲ ಇರಬೇಕು ಅಂತ ನಿಯಮ ಏನಾದ್ರೂ ಇದ್ಯಾ?

ಇದೆ. ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಎಂಬ ಮಾರ್ಗಸೂಚಿಯೇ ಪಾದಚಾರಿಗಳಿಗಾಗಿ ಬರೆದದ್ದು. ಅದರ ಪ್ರಕಾರ ಮನೆಗಳಿರುವ ರಸ್ತೆಯಲ್ಲೂ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಬೇಕು, ಅಂಗಡಿ ಬೀದಿಯಲ್ಲಿ ಇನ್ನೂ ಹೆಚ್ಚು. ಎತ್ತರ 15 ಸೆಂಟಿಮೀಟರ್ ಮೀರಬಾರದು. ಇಲ್ಲಿ ಮುಖ್ಯವಾದ ಮಾತು ‘ಅಡೆತಡೆಯಿಲ್ಲದೆ’. ಎರಡು ಮೀಟರ್ ಫುಟ್‌ಪಾತ್ ಮಾಡಿ ನಡುವೆ ಕಂಬ ನೆಟ್ಟರೆ ಅದು ಲೆಕ್ಕಕ್ಕಿಲ್ಲ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಹೆಜ್ಜೆ ಮುಂದೆ ಹೋಗಿ, ಅಡ್ಡಿಯಿಲ್ಲದ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಇನ್ನು ಮುಂದೆ ಫುಟ್‌ಪಾತ್ ಕೇಳುವುದು ಸೌಲಭ್ಯ ಬೇಡುವ ಮಾತಲ್ಲ.

## ದಿನನಿತ್ಯದ ಓಡಾಟ

ಮೆಟ್ರೊ ಒಳಗೆ ಸೈಕಲ್ ತಗೊಂಡು ಹೋಗೋಕೆ ಬಿಡ್ತಾರಾ?

ಮಡಚುವ ಸೈಕಲ್ ಆದರೆ ಬಿಡುತ್ತಾರೆ. ನಮ್ಮ ಮೆಟ್ರೊ 2021ರಲ್ಲಿ ಇದಕ್ಕೆ ಅನುಮತಿ ಕೊಟ್ಟಾಗ ಹಾಕಿದ ಷರತ್ತು: ಮಡಚಿದ ಮೇಲೆ 60×45×25 ಸೆಂಟಿಮೀಟರ್ ಒಳಗಿರಬೇಕು, ತೂಕ 15 ಕಿಲೋ ಮೀರಬಾರದು. ಮಾಮೂಲಿ ಸೈಕಲ್ಲಿಗೆ ಅವಕಾಶವಿಲ್ಲ. ಬೆಳಗಿನ ನೂಕುನುಗ್ಗಲು ನೋಡಿದವರಿಗೆ ಅದರ ಕಾರಣ ಹೇಳಬೇಕಾಗಿಲ್ಲ. ನಿಜವಾದ ಪರಿಹಾರ ಸೈಕಲ್ಲನ್ನು ರೈಲಿಗೆ ಹತ್ತಿಸುವುದರಲ್ಲಿಲ್ಲ, ಸ್ಟೇಷನ್‌ನಲ್ಲಿ ನಿಶ್ಚಿಂತೆಯಿಂದ ಬಿಟ್ಟು ಹೋಗುವಂತೆ ಮಾಡುವುದರಲ್ಲಿದೆ.

ಸ್ಟೇಷನ್ ಹತ್ರ ಸೈಕಲ್ ಬಿಟ್ಟು ಹೋದ್ರೆ ಸಂಜೆಗೆ ಇರತ್ತಾ ಸ್ವಾಮಿ?

ಈ ಭಯ ಸುಳ್ಳಲ್ಲ. ಹಾಗಾಗಿ ಸೈಕಲ್ ಸ್ಟ್ಯಾಂಡ್ ಹೇಗಿರಬೇಕು ಎಂಬುದು ದೊಡ್ಡ ಪ್ರಶ್ನೆಯೇ. ಮುಂದಿನ ಚಕ್ರವನ್ನಷ್ಟೇ ಸಿಕ್ಕಿಸುವ ಕಂಬಿ ಪ್ರಯೋಜನವಿಲ್ಲ. ಚಕ್ರ ಬಿಚ್ಚಿಟ್ಟು ಉಳಿದದ್ದನ್ನು ಹೊತ್ತೊಯ್ಯಬಹುದು. ನೆಲಕ್ಕೆ ಗಟ್ಟಿಯಾಗಿ ಹುಗಿದ, ತಲೆಕೆಳಗಾದ ‘ಯು’ ಆಕಾರದ ಪೈಪು ಬೇಕು. ಫ್ರೇಮು, ಚಕ್ರ ಎರಡನ್ನೂ ಅದಕ್ಕೆ ಸೇರಿಸಿ ಬೀಗ ಹಾಕಲು ಬರಬೇಕು. ಮೇಲೆ ಸೂರು, ರಾತ್ರಿ ದೀಪ, ಟಿಕೆಟ್ ಕೌಂಟರ್ ಅಥವಾ ಭದ್ರತಾ ಸಿಬ್ಬಂದಿಯ ಕಣ್ಣಿಗೆ ಬೀಳುವ ಜಾಗ. ಕಟ್ಟಡದ ಹಿಂಬದಿ, ಜನರೇಟರ್ ಪಕ್ಕ ತಳ್ಳಿದರೆ ಯಾರೂ ಬಿಡುವುದಿಲ್ಲ. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು–ಹತ್ತು ಸೈಕಲ್ ಸಲೀಸಾಗಿ ನಿಲ್ಲುತ್ತವೆ, ಆದ್ದರಿಂದ ಜಾಗವಿಲ್ಲ ಎಂಬ ನೆಪ ನಿಲ್ಲುವುದಿಲ್ಲ.

ಬಾಡಿಗೆ ಸೈಕಲ್ ಬಂದು ಎಲ್ಲ ಸರಿಹೋಗತ್ತೆ ಅಂದಿದ್ರು. ಏನಾಯ್ತು?

ಮೈಸೂರಿನ ‘ಟ್ರಿಣ್ ಟ್ರಿಣ್’ ನೋಡಿ. 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ಶುರುವಾಯಿತು. ಕಾರ್ಡು ತೋರಿಸಿ ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡುವ ವ್ಯವಸ್ಥೆ. ಸಮತಟ್ಟಾದ, ಮರಗಳಿರುವ, ಅಂತರ ಕಡಿಮೆ ಇರುವ ಊರು. ಸ್ಥಳೀಯರೂ ಪ್ರವಾಸಿಗರೂ ಒಪ್ಪಿಕೊಂಡರು. ಆಮೇಲೆ ಎದುರಾದದ್ದು ಎಲ್ಲ ಊರಿನ ಇಂಥ ಯೋಜನೆಗಳಿಗೂ ಎದುರಾಗುವ ತೊಂದರೆ: ಹಳೆಯದಾದ ಸೈಕಲ್, ಬಿಡಿಭಾಗ, ದುರಸ್ತಿ. ಬೆಂಗಳೂರಿನಲ್ಲಿ ಯುಲು ಥರದ ಬ್ಯಾಟರಿ ಗಾಡಿಗಳು ಮೆಟ್ರೊ ಸ್ಟೇಷನ್‌ಗಳ ಬಳಿ ಬಂದು ಲಾಸ್ಟ್ ಮೈಲ್‌ಗೆ, ಅಂದರೆ ಸ್ಟೇಷನ್ನಿನಿಂದ ಮನೆ, ಕಚೇರಿವರೆಗಿನ ಕೊನೆಯ ತುಣುಕಿಗೆ ನೆರವಾದವು, ಆದರೆ ಈಗ ಅವುಗಳ ದೊಡ್ಡ ಬಳಕೆದಾರರು ಊಟ, ದಿನಸಿ ತಲುಪಿಸುವ ಹುಡುಗರು.

ನನ್ನ ಅಭಿಪ್ರಾಯ ಇಷ್ಟು: ಬಾಡಿಗೆ ಸೈಕಲ್ಲನ್ನು ಬಸ್ಸಿನಂತೆ ಸಾರ್ವಜನಿಕ ಸೇವೆ ಎಂದು ಕಂಡು ಪ್ರತಿ ವರ್ಷ ನಿರ್ವಹಣೆಗೆ ಹಣ ಇಡಬೇಕು. ಉದ್ಘಾಟನೆಗೆ ಮಾತ್ರ ಹಣ ಇಟ್ಟರೆ ಮೂರನೇ ವರ್ಷ ತುಕ್ಕು ಉಳಿಯುತ್ತದೆ.

ಫೀಡರ್ ಬಸ್ ಖಾಲಿ ಓಡತ್ತೆ. ಜನಕ್ಕೆ ಬೇಡ ಅಂತ ತಾನೆ ಅರ್ಥ?

ಜನರಿಗೆ ಬೇಡವಾಗಿರುವುದು ಕಾಯುವುದು. ಸ್ಟೇಷನ್‌ನಿಂದ ಮನೆಗೆ ಎರಡು ಕಿಲೋಮೀಟರ್. ಬಸ್ಸು ಇಪ್ಪತ್ತು ನಿಮಿಷಕ್ಕೊಂದು ಇದ್ದರೆ ಕಾಯುವ ಹೊತ್ತಿಗೆ ಅರ್ಧ ದಾರಿ ನಡೆದುಬಿಡಬಹುದು. ಚಿಕ್ಕ ದೂರದ ಬಸ್ಸು ಏಳೆಂಟು ನಿಮಿಷಕ್ಕೊಂದು ಬಂದರಷ್ಟೇ ಜನ ವೇಳಾಪಟ್ಟಿ ನೋಡದೆ ಹತ್ತುತ್ತಾರೆ. ನಮ್ಮ ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆದಾಗ ರೈಲುಗಳ ಕೊರತೆಯಿಂದ 25 ನಿಮಿಷಕ್ಕೊಂದು ಓಡುತ್ತಿತ್ತು. ಅಷ್ಟು ಅಂತರದಲ್ಲಿ ಒಂದು ರೈಲು ತಪ್ಪಿದರೆ ಜೋಡಿಸಿದ ಬಸ್ಸೂ ತಪ್ಪಿತು.

ಸ್ಟಾಪಿನ ಜಾಗವೂ ಅಷ್ಟೇ ಮುಖ್ಯ. ಬೆಳಿಗ್ಗೆ ಎಂಟೂವರೆಗೆ ಯಾವುದಾದರೂ ಎತ್ತರದ ಸ್ಟೇಷನ್ ಕೆಳಗೆ ನಿಂತು ನೋಡಿ. ಮೆಟ್ಟಿಲು ಇಳಿದ ತಕ್ಷಣ ಎದುರಿಗೆ ಆಟೊಗಳ ಸಾಲು, “ಎಲ್ಲಿಗೆ ಮೇಡಂ?” ಬಸ್ ಸ್ಟಾಪು ಮೆಟ್ರೊ ಬರುವುದಕ್ಕೂ ಮೊದಲು ಎಲ್ಲಿತ್ತೋ ಅಲ್ಲೇ, ಇನ್ನೂರು ಮೀಟರ್ ಆಚೆ, ಸಿಗ್ನಲ್ ದಾಟಿ. ಇಳಿದವರ ಕಣ್ಣಿಗೆ ಬಸ್ಸು ಕಾಣುವುದೇ ಇಲ್ಲ. ಸ್ಟಾಪನ್ನು ಮೆಟ್ಟಿಲ ಬುಡಕ್ಕೆ ತಂದು, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಸ್ಟೇಷನ್ ಒಳಗೇ ಬೋರ್ಡು ಹಾಕಿ. ಆಮೇಲೆ ಖಾಲಿ ಓಡುತ್ತದೋ ಇಲ್ಲವೋ ನೋಡೋಣ.

ನಮ್ಮಮ್ಮನಿಗೆ ಮಂಡಿನೋವು. ಸ್ಕೈವಾಕ್ ಹತ್ತು ಅಂದ್ರೆ ಹೇಗೆ ಹತ್ತೋದು?

ಹತ್ತಬೇಕಾದ ಪರಿಸ್ಥಿತಿಯೇ ಬರಬಾರದು. ಊರೊಳಗಿನ ರಸ್ತೆಯಲ್ಲಿ ನಡೆಯುವವರು ನೆಲದ ಮಟ್ಟದಲ್ಲೇ ದಾಟಬೇಕು, ವಾಹನ ನಿಧಾನವಾಗಬೇಕು. ಅದಕ್ಕೆ ಎತ್ತರಿಸಿದ ಜೀಬ್ರಾ ಕ್ರಾಸಿಂಗ್ ಎಂಬ ಸುಲಭ ಉಪಾಯವಿದೆ. ಕ್ರಾಸಿಂಗನ್ನೇ ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದರೆ ಅದು ಹಂಪ್ ಆಗಿಯೂ ಕೆಲಸ ಮಾಡುತ್ತದೆ, ವ್ಹೀಲ್‌ಚೇರ್ ಕೂಡ ಇಳಿಯದೆ ದಾಟುತ್ತದೆ.

ಸಿಗ್ನಲ್ ಸಮಯದ ಲೆಕ್ಕವನ್ನೂ ನೋಡಿ. ಸೆಕೆಂಡಿಗೆ 1.2 ಮೀಟರ್ ವೇಗ ಹಿಡಿದರೆ 24 ಮೀಟರ್ ರಸ್ತೆ ದಾಟಲು 20 ಸೆಕೆಂಡ್. ನಿಮ್ಮ ತಾಯಿಯವರ ವೇಗ 0.8 ಮೀಟರ್ ಇದ್ದರೆ 30 ಸೆಕೆಂಡ್ ಬೇಕು. ಆ ಹತ್ತು ಸೆಕೆಂಡನ್ನು ಕೊಡದ ಸಿಗ್ನಲ್ ಅವರನ್ನು ಮನೆಯಲ್ಲೇ ಕೂರಿಸುತ್ತದೆ. ‘ಫ್ರೀ ಲೆಫ್ಟ್’ ಇರುವ ಕಡೆಯಂತೂ ಪಾದಚಾರಿಗೆ ಹಸಿರು ದೀಪ ಬಿದ್ದರೂ ಎಡಕ್ಕೆ ತಿರುಗುವ ವಾಹನ ನಿಲ್ಲುವುದಿಲ್ಲ. ಆಸ್ಪತ್ರೆ, ಶಾಲೆ, ಸ್ಟೇಷನ್ ಪಕ್ಕದ ಸರ್ಕಲ್‌ಗಳಲ್ಲಿ ಅದನ್ನು ಮೊದಲು ರದ್ದು ಮಾಡಬೇಕು.

ಬಸ್ಸು ಫ್ರೀ ಆಗಿದೆ ಸರಿ, ಆದ್ರೆ ರಾತ್ರಿ ಸ್ಟಾಪಿಂದ ಮನೆಗೆ ನಡೆಯೋದು ಹೇಗೆ?

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ಬಸ್ಸಿನಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚಿತು. ಅಂದರೆ ಬೀದಿಯಲ್ಲಿ ನಡೆಯುವ ಹೆಣ್ಣುಮಕ್ಕಳೂ ಹೆಚ್ಚಿದರು. ಟಿಕೆಟ್ ಉಳಿಸಿದ ಸರ್ಕಾರ ಆ ನಡಿಗೆಯ ಜವಾಬ್ದಾರಿಯನ್ನೂ ಹೊರಬೇಕು. ನಮ್ಮ ಬೀದಿದೀಪಗಳು ವಾಹನದ ದಾರಿಗೆಂದು ಎತ್ತರದಲ್ಲಿರುತ್ತವೆ, ಮರದ ಕೊಂಬೆ ಅಡ್ಡ ಬಂದು ಫುಟ್‌ಪಾತ್ ಕತ್ತಲಲ್ಲಿ ಉಳಿಯುತ್ತದೆ. ಮರದ ಕೆಳಮಟ್ಟದಲ್ಲಿ ಪಾದಚಾರಿಗಳಿಗೇ ಬೇರೆ ದೀಪ ಬೇಕು. ಹಿಂಬದಿ ಮುಚ್ಚಿ ಜಾಹೀರಾತು ಹಚ್ಚಿದ ಬಸ್ ಶೆಲ್ಟರ್ ಬೇಡ, ಆಚೆ ಈಚೆ ಕಾಣುವಂಥದ್ದು ಬೇಕು. ರಾತ್ರಿ ತೆರೆದಿರುವ ಒಂದು ಹೂವಿನ ಅಂಗಡಿ, ಒಂದು ಟೀ ಗಾಡಿ ಕೊಡುವ ಧೈರ್ಯವನ್ನು ಸಿಸಿಟಿವಿ ಕೊಡಲಾರದು.

## ವಾದ, ತಕರಾರು

ಸೈಕಲ್ ಲೇನ್ ಮಾಡಿದ್ರು, ಒಬ್ಬನೂ ಓಡಿಸಲಿಲ್ಲ. ದುಡ್ಡು ದಂಡ ಅಲ್ವಾ?

ಜಯನಗರದಲ್ಲಿ 2012ರ ಆಸುಪಾಸಿನಲ್ಲಿ ಮಾಡಿದ ಲೇನ್‌ಗಳು ಬೇಗನೆ ಪಾರ್ಕಿಂಗ್ ಆದವು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರದ ಕಡೆಗೆ ಕಂಬಗಳನ್ನು ನೆಟ್ಟು ಲೇನ್ ಮಾಡಿದರು, ಮೆಟ್ರೊ ಕಾಮಗಾರಿ ಬಂದು ಅದೂ ಹೋಯಿತು. ಎರಡರಿಂದಲೂ ಕಲಿಯುವುದಿದೆ. ಬಣ್ಣ ಬಳಿದ ಗೆರೆ ಲೇನ್ ಅಲ್ಲ. ಬೈಕು ನುಗ್ಗದಂಥ, ಕಾರು ನಿಲ್ಲದಂಥ ಗಟ್ಟಿ ತಡೆ ಬೇಕು. ತುಂಡು ತುಂಡು ಲೇನ್ ಕೂಡ ಕೆಲಸ ಮಾಡದು; ಅಪಘಾತವಾಗುವುದೇ ಸರ್ಕಲ್‌ನಲ್ಲಿ, ನಮ್ಮ ಲೇನ್ ಮುಗಿಯುವುದೂ ಸರ್ಕಲ್‌ನಲ್ಲೇ.

ನಾನಾಗಿದ್ದರೆ ದೊಡ್ಡ ರಸ್ತೆಗಿಂತ ಮೊದಲು ಒಳರಸ್ತೆಗಳನ್ನು ಹಿಡಿಯುತ್ತಿದ್ದೆ. ಸ್ಟೇಷನ್ ಕಡೆ ಹೋಗುವ ಒಂದು ಒಳರಸ್ತೆಯಲ್ಲಿ ವೇಗವನ್ನು 30 ಕಿಲೋಮೀಟರ್‌ಗೆ ಇಳಿಸಿ, ನಡುವೆ ಅಡ್ಡ ತಡೆ ಹಾಕಿ ವಾಹನ ಹಾದುಹೋಗದಂತೆ, ಸೈಕಲ್ ಮಾತ್ರ ನುಸುಳುವಂತೆ ಮಾಡಿದರೆ ಬೇರೆ ಲೇನೇ ಬೇಕಾಗಿಲ್ಲ. ಮತ್ತೊಂದು ಮಾತು: ಓಡಿಸುವವರಿಲ್ಲ ಎನ್ನುವಾಗ ನಾವು ಯಾರನ್ನು ನೋಡುತ್ತಿಲ್ಲ? ಹೆಲ್ಮೆಟ್ ಹಾಕಿದ ಹವ್ಯಾಸಿಗಳು ಕಾಣುತ್ತಾರೆ. ಬೆಳಿಗ್ಗೆ ಆರಕ್ಕೆ ಪೇಪರ್ ಹಾಕುವವರು, ಪಾಳಿ ಮುಗಿಸಿ ಬರುವ ಸೆಕ್ಯುರಿಟಿಯವರು, ಪೀಣ್ಯ, ಬೊಮ್ಮಸಂದ್ರದ ಕಾರ್ಮಿಕರು ಕಾಣುವುದಿಲ್ಲ.

ಬೀದಿ ವ್ಯಾಪಾರಿಗಳನ್ನ ಎಬ್ಬಿಸಿದ್ರೆ ಫುಟ್‌ಪಾತ್ ತಾನಾಗೇ ಸರಿಹೋಗಲ್ವಾ?

ಇಲ್ಲ. ತರಕಾರಿ ಗಾಡಿ ಹಿಡಿಯುವ ಜಾಗಕ್ಕಿಂತ ಪಕ್ಕದಲ್ಲಿ ನಿಂತ ಕಾರು ಹಿಡಿಯುವ ಜಾಗ ಹೆಚ್ಚು. ಜನ ಓಡಾಡುವ ಕಡೆಯೇ ವ್ಯಾಪಾರಿ ಕೂರುತ್ತಾನೆ. ಅವನಿದ್ದ ಕಡೆ ಜನರೂ ಧೈರ್ಯವಾಗಿ ನಡೆಯುತ್ತಾರೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಸಮೀಕ್ಷೆ ಮಾಡಿ, ಪ್ರಮಾಣಪತ್ರ ಕೊಟ್ಟು, ವ್ಯಾಪಾರ ವಲಯ ಗುರುತಿಸಿ ಎನ್ನುತ್ತದೆ. ಸ್ಟೇಷನ್ ಮುಂದಿನ ಜಾಗದ ವಿನ್ಯಾಸ ಮಾಡುವಾಗಲೇ ನಡೆಯಲು ಇಷ್ಟು, ವ್ಯಾಪಾರಕ್ಕೆ ಇಷ್ಟು ಎಂದು ಗೆರೆ ಎಳೆದರೆ ಇಬ್ಬರಿಗೂ ಜಾಗವಿರುತ್ತದೆ.

ಅಂಗಡಿ ಮುಂದೆ ಪಾರ್ಕಿಂಗ್ ತೆಗೆದ್ರೆ ನಮ್ಮ ವ್ಯಾಪಾರ ಬಿದ್ದು ಹೋಗತ್ತೆ. ಅದಕ್ಕೇನಂತೀರಿ?

ನಿಮ್ಮ ಆತಂಕ ಸಹಜ. ಆದರೆ ಗಿರಾಕಿಗಳಲ್ಲಿ ಎಷ್ಟು ಮಂದಿ ಕಾರಿನಲ್ಲಿ ಬರುತ್ತಾರೆ ಎಂದು ಒಂದು ವಾರ ನೀವೇ ಲೆಕ್ಕ ಇಡಿ. ಬೆಳಿಗ್ಗೆ ಅಂಗಡಿ ಮುಂದೆ ನಿಂತ ಕಾರು ಸಂಜೆವರೆಗೂ ಅಲ್ಲೇ ಇದ್ದರೆ ಅದು ಗಿರಾಕಿಯದಲ್ಲ. ಚರ್ಚ್ ಸ್ಟ್ರೀಟನ್ನು 2018ರಲ್ಲಿ ಕಲ್ಲು ಹಾಸಿ ನಡೆಯುವವರ ಬೀದಿಯಾಗಿ ಮಾಡಿದ ಮೇಲೆ ಅಲ್ಲಿನ ಜನಸಂದಣಿ ಎಲ್ಲರಿಗೂ ಗೊತ್ತು. ಚೆನ್ನೈನ ಪಾಂಡಿ ಬಜಾರ್ 2019ರಲ್ಲಿ ಅಗಲ ಫುಟ್‌ಪಾತಿನ ಬೀದಿಯಾಯಿತು, ಅಲ್ಲಿ ಇಂದಿಗೂ ಸೀರೆ ಅಂಗಡಿಗಳೇ ಸೀರೆ ಅಂಗಡಿಗಳು.

ನೆದರ್‌ಲ್ಯಾಂಡ್ಸ್ ಕಥೆ ಹೇಳ್ಬೇಡಿ. ನಮ್ಮ ಬಿಸಿಲು, ನಮ್ಮ ಜನ, ಇಲ್ಲಿ ನಡೆಯಲ್ಲ.

ಅಲ್ಲೂ 1960ರ ದಶಕದಲ್ಲಿ ಬೀದಿಗಳನ್ನು ಕಾರು ನುಂಗಿತ್ತು. ಮಕ್ಕಳು ರಸ್ತೆಯಲ್ಲಿ ಸಾಯುತ್ತಿದ್ದಾಗ ತಂದೆತಾಯಂದಿರು ಬೀದಿಗಿಳಿದರು, 1973ರ ತೈಲ ಬಿಕ್ಕಟ್ಟು ಬಂತು, ಆಮೇಲೆ ನೀತಿ ತಿರುಗಿತು. 2019ರಲ್ಲಿ ಉಟ್ರೆಕ್ಟ್ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲುವ ಜಾಗ ಪೂರ್ತಿಯಾದದ್ದು ಅರ್ಧ ಶತಮಾನದ ಪಟ್ಟಿನ ಫಲ. ಹವೆಯ ವಿಷಯಕ್ಕೆ ಬಂದರೆ, ಅಲ್ಲಿನ ಗಾಳಿಮಳೆಗಿಂತ ಬೆಂಗಳೂರು, ಮೈಸೂರಿನ ಹವೆ ಸೈಕಲ್ಲಿಗೆ ಎಷ್ಟೋ ವಾಸಿ. ಬಿಸಿಲಿಗೆ ಮದ್ದು ಮರ. ರಸ್ತೆ ಅಗಲಿಸಲು ಅದನ್ನು ಕಡಿಯುತ್ತ ಬಿಸಿಲನ್ನು ದೂರುವುದು ಸರಿಯಲ್ಲ.

## ಆಡಳಿತ, ಹಣ, ವಿನ್ಯಾಸ

ಇದೆಲ್ಲ ಯಾರ ಕೆಲಸ? ಯಾರನ್ನ ಕೇಳಿದ್ರೂ ನಮ್ಮದಲ್ಲ ಅಂತಾರೆ.

ರೋಗದ ಮೂಲ ಇರುವುದು ಇಲ್ಲೇ. ಸ್ಟೇಷನ್ ಕಟ್ಟಡ ಮೆಟ್ರೊ ನಿಗಮದ್ದು, ಬಸ್ಸು ಬಿಎಂಟಿಸಿಯದು, ಫುಟ್‌ಪಾತ್ ಪಾಲಿಕೆಯದು, ಸಿಗ್ನಲ್ ಟ್ರಾಫಿಕ್ ಪೊಲೀಸರದು, ಕಂಬ ಬೆಸ್ಕಾಂನದು, ಚೇಂಬರ್ ಜಲಮಂಡಳಿಯದು. ಎಲ್ಲರೂ ತಮ್ಮ ಗಡಿಯೊಳಗೆ ಕೆಲಸ ಮಾಡಿ ಮುಗಿಸುತ್ತಾರೆ. ಪ್ರಯಾಣಿಕ ಎಡವುವುದು ಎರಡು ಗಡಿಗಳ ನಡುವೆ. ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಎಂಬ ರೈಲು ನಿಲ್ದಾಣ 2022ರಲ್ಲಿ ಶುರುವಾದಾಗ ಬೈಯಪ್ಪನಹಳ್ಳಿ ಮೆಟ್ರೊದಿಂದ ಅಲ್ಲಿಗೆ ಸಾಮಾನು ಹೊತ್ತು ನಡೆದು ಹೋಗುವ ನೇರ ದಾರಿಯೇ ಇರಲಿಲ್ಲ. ಎರಡೂ ದೊಡ್ಡ ಹಣದ ಕಟ್ಟಡಗಳೇ.

ಈ ಎಲ್ಲ ಸಂಸ್ಥೆಗಳನ್ನು ಕೂಡಿಸಲೆಂದೇ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಮಸೂದೆಗೆ 2022ರ ಡಿಸೆಂಬರ್‌ನಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆಗಳು ಬಂದವು. ಒಂದೇ ರಸ್ತೆ ಎರಡು ಪಾಲಿಕೆಗಳ ನಡುವೆ ಹಾಯುವ ಈ ಹೊತ್ತಿನಲ್ಲಿ ಭೂಸಾರಿಗೆ ಪ್ರಾಧಿಕಾರಕ್ಕೆ ಹಣ, ಸಿಬ್ಬಂದಿ, ‘ಇದು ಹೀಗೇ ಆಗಬೇಕು’ ಎನ್ನುವ ಅಧಿಕಾರ ಮೂರೂ ಬೇಕು.

ಮೆಟ್ರೊ ಯೋಜನೆಯಲ್ಲೇ ಫುಟ್‌ಪಾತು, ಸೈಕಲ್ ದಾರಿ ಸೇರಿಸಿಬಿಡಬಾರದಾ?

ಸೇರಿಸಲೇಬೇಕು. ಕೇಂದ್ರದ 2017ರ ಮೆಟ್ರೊ ರೈಲು ನೀತಿಯೇ ಪ್ರತಿ ಸ್ಟೇಷನ್‌ಗೆ ಸುತ್ತಲಿನ ಐದು ಕಿಲೋಮೀಟರ್‌ನಿಂದ ಜನ ಬರುವಂತೆ ಫೀಡರ್, ನಡಿಗೆ, ಸೈಕಲ್ ವ್ಯವಸ್ಥೆ ಯೋಜನೆಯಲ್ಲಿರಬೇಕು ಎನ್ನುತ್ತದೆ. ಕಾಗದದಲ್ಲಿ ಅದು ಇರುತ್ತದೆ. ಆದರೆ ವೆಚ್ಚ ಏರಿದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಸ್ಟೇಷನ್ ಸುತ್ತಲಿನ 500 ಮೀಟರ್ ರಸ್ತೆ ಸಿದ್ಧವಾಗದೆ ಆ ಸ್ಟೇಷನ್ ಪೂರ್ತಿಯಾಯಿತು ಎಂದು ಪರಿಗಣಿಸಬಾರದು, ಗುತ್ತಿಗೆಯಲ್ಲೇ ಹಾಗೆ ಬರೆಯಬೇಕು ಎಂಬುದು ನನ್ನ ಬಲವಾದ ನಂಬಿಕೆ.

ರಸ್ತೆ ಹೇಗೆ ಕಟ್ಟಬೇಕು ಎಂಬುದಕ್ಕೆ ಟೆಂಡರ್‌ಶ್ಯೂರ್ ರಸ್ತೆಗಳೇ (ಕೇಬಲ್, ಪೈಪು, ಫುಟ್‌ಪಾತ್ ಎಲ್ಲವನ್ನೂ ಒಟ್ಟಿಗೆ ವಿನ್ಯಾಸ ಮಾಡಿ ಕಟ್ಟಿದ ರಸ್ತೆಗಳು) ಇವೆ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಕೇಬಲ್, ಪೈಪುಗಳನ್ನು ಅಗಲವಾದ ಫುಟ್‌ಪಾತಿನ ಕೆಳಗೆ ಹಾಕಿದರು. ಹೀಗೆ ಮಾಡಿದರೆ ದುರಸ್ತಿಗೆ ಡಾಂಬರು ಅಗೆಯಬೇಕಾಗಿಲ್ಲ. ಫುಟ್‌ಪಾತ್ ಇಷ್ಟು ಅಗಲ ಯಾಕೆ ಎಂದು ಗೊಣಗಿದವರೂ ಆಗ ಬಹಳ ಇದ್ದರು.

ಬಸ್ಸಿಗೊಂದು, ಮೆಟ್ರೊಗೊಂದು ಟಿಕೆಟ್. ಒಂದೇ ಕಾರ್ಡ್ ಬಂದ್ರೆ ಸಾಕಲ್ವಾ?

ಒಂದೇ ಕಾರ್ಡು ಜೇಬಿಗೆ ಅನುಕೂಲ, ಖರ್ಚಿಗೆ ಅಲ್ಲ. ಮೆಟ್ರೊ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿತು. ಅದರ ಮೇಲೆ ಆಚೆ ಈಚೆ ಫೀಡರ್ ಬಸ್ಸಿನ ಕನಿಷ್ಠ ದರ ಸೇರಿದರೆ, ಬಸ್ಸು ಬದಲಿಸಿದ್ದಕ್ಕೆ ದಂಡ ಕಟ್ಟಿದಂತಾಗುತ್ತದೆ. ಸಿಂಗಪುರದಲ್ಲಿ 2010ರಿಂದ ಒಂದೇ ಪ್ರಯಾಣದಲ್ಲಿ ಬಸ್ಸು, ರೈಲು ಬದಲಿಸಿದರೂ ಒಟ್ಟು ದೂರಕ್ಕೆ ಮಾತ್ರ ದರ. ನಮಗೆ ಬೇಕಾದದ್ದು ಅದು. ಕಾರ್ಡಿನ ತಂತ್ರಜ್ಞಾನ ಸುಲಭದ ಭಾಗ, ಎರಡು ನಿಗಮಗಳು ಆದಾಯ ಹಂಚಿಕೊಳ್ಳುವುದು ಕಷ್ಟದ ಭಾಗ.

ಮೆಟ್ರೊ ಇಲ್ಲದ ಹುಬ್ಬಳ್ಳಿ, ಮಂಗಳೂರಿನಂಥ ಊರಿಗೆ ಇದೆಲ್ಲ ಅನ್ವಯ ಆಗತ್ತಾ?

ಇನ್ನೂ ಚೆನ್ನಾಗಿ ಆಗುತ್ತದೆ. ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸುಗಳು ಸುಮಾರು 22 ಕಿಲೋಮೀಟರ್ ಬಹುತೇಕ ತಮ್ಮದೇ ದಾರಿಯಲ್ಲಿ ಓಡುತ್ತವೆ. ಪ್ಲಾಟ್‌ಫಾರ್ಮು, ಬಸ್ಸಿನ ನೆಲ ಒಂದೇ ಮಟ್ಟ. ಹಿರಿಯರಿಗೆ ದೊಡ್ಡ ಉಪಕಾರ. ಆದರೆ ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ಹತ್ತುವವರೂ ಇಳಿಯುವವರೂ ಪ್ರತಿ ಸಲ ಅರ್ಧ ರಸ್ತೆ ದಾಟಲೇಬೇಕು. ಆದ್ದರಿಂದ ಅಲ್ಲಿ ಕ್ರಾಸಿಂಗೇ ನಿಲ್ದಾಣದ ಬಾಗಿಲು; ಅದಕ್ಕೆ ಸಿಗ್ನಲ್, ದೀಪ, ಕಾವಲು ಎಲ್ಲ ಬೇಕು. ಮಂಗಳೂರಿನ ಏರಿಳಿತಕ್ಕೆ ಬ್ಯಾಟರಿ ಸೈಕಲ್ ಒಗ್ಗುತ್ತದೆ, ಮೈಸೂರಿಗೆ ಮಾಮೂಲಿ ಸೈಕಲ್ ಸಾಕು. ಬೆಂಗಳೂರು ಕೆಟ್ಟ ಮೇಲೆ ರಿಪೇರಿ ಮಾಡುತ್ತಿದೆ. ಈ ಊರುಗಳಿಗೆ ಕೆಡುವ ಮೊದಲೇ ಮಾಡುವ ಅವಕಾಶವಿದೆ.

ನಾನೊಬ್ಬಳು ಏನ್ ಮಾಡೋಕಾಗತ್ತೆ?

ಇಡೀ ಊರಿನ ಬಗ್ಗೆ ಮನವಿ ಬರೆದರೆ ಫೈಲು ಸೇರುತ್ತದೆ. ಒಂದು ಸ್ಟೇಷನ್ ಗೇಟು, ಅಲ್ಲಿಂದ ನಿಮ್ಮ ಬಸ್ ಸ್ಟಾಪಿನವರೆಗಿನ ಇನ್ನೂರು ಮೀಟರ್, ಇಷ್ಟನ್ನು ಮಾತ್ರ ಹಿಡಿಯಿರಿ. ಟೇಪು ಹಿಡಿದು ಅಗಲ ಅಳೆಯಿರಿ, ಪ್ರತಿ ಅಡ್ಡಿಯ ಫೋಟೊ ತೆಗೆಯಿರಿ, ಯಾವುದು ಯಾವ ಇಲಾಖೆಯದು ಎಂದು ಪಕ್ಕದಲ್ಲಿ ಬರೆಯಿರಿ. ಐಆರ್‌ಸಿ 103 ಎಂಬ ಸಂಖ್ಯೆಯನ್ನು ಪತ್ರದಲ್ಲಿ ಹಾಕಿ, ಎಂಜಿನಿಯರ್ ಅದನ್ನು ತಳ್ಳಿಹಾಕುವುದು ಕಷ್ಟ. ಓಣಿಯ ಹಿರಿಯರೊಬ್ಬರು, ಶಾಲೆಗೆ ಹೋಗುವ ಮಗುವೊಂದು, ವ್ಹೀಲ್‌ಚೇರ್ ಬಳಸುವವರಿದ್ದರೆ ಅವರು, ಇವರನ್ನು ಕರೆದುಕೊಂಡು ಅಧಿಕಾರಿಯ ಜತೆ ಆ ಇನ್ನೂರು ಮೀಟರ್ ನಡೆಯಿರಿ. ರಸ್ತೆ ಕಾಮಗಾರಿ ಬರಲಿದೆ ಎಂದು ಗೊತ್ತಾದ ದಿನವೇ ಮಾಹಿತಿ ಹಕ್ಕಿನಲ್ಲಿ ಅದರ ನಕ್ಷೆ ಕೇಳಿ. ಟೆಂಡರ್ ಆಗುವ ಮುನ್ನ ಒಂದು ಗೆರೆ ಬದಲಿಸಿದರೆ ಮುಗಿಯುವ ಕೆಲಸಕ್ಕೆ, ಕಾಂಕ್ರೀಟ್ ಬಿದ್ದ ಮೇಲೆ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.